ಗೌರಿಗೆ ಸಿಗಬೇಕಿದ್ದ ಜಾಗ

ಗೌರಿಯನ್ನು ಅವಳ ತಾಯಿಯೇ ಸುಡುತ್ತಾಳೆ ಎಂದು ಶಾಲೆಯ ಟೀಚರಿಗೆ ಹೇಳಿದವಳು ನಾನು, ಯಲ್ಲಕ್ಕಾ. ನೀನು ಇಷ್ಟು ವರ್ಷ ತಿಳಿದುಕೊಂಡಿರುವ ಹಾಗೆ ಟೀಚರ್ ತಾವಾಗಿ ಏನನ್ನೂ ಊಹಿಸಿಕೊಳ್ಳಲಿಲ್ಲ. ಅವರು ಕೇಳಿದರು, ನಾನು ಹೇಳಿದೆ. ನಿನ್ನ ಮಗಳ ಹೊಟ್ಟೆಯ ಮೇಲಿನ ಗುರುತುಗಳು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು.

ನಿನಗೆ ಓದಲು ಬರುವುದಿಲ್ಲ. ಅದು ತಿಳಿದೂ ಬರೆಯಲು ಕೂತಿದ್ದೇನೆ. ಯಾಕೆಂದರೆ ನಿನ್ನೆದುರು ಬಂದು ನಿಂತರೆ ನಾನು ಮೊದಲು ಅಳುತ್ತೇನೆ, ನೀನು ಸಮಾಧಾನ ಮಾಡಲು ಶುರು ಮಾಡುತ್ತೀ, ವಿಷಯ ಅಲ್ಲಿಗೇ ನಿಂತುಬಿಡುತ್ತದೆ. ನನ್ನನ್ನು ನಾನು ಬಲ್ಲೆ. ಅದಕ್ಕೇ ಮೊದಲು ಕಾಗದದ ಮೇಲೆ ಎಲ್ಲವನ್ನೂ ಹಾಕಿಕೊಳ್ಳುತ್ತಿದ್ದೇನೆ — ಒಂದನ್ನೂ ಬಿಡದೆ, ನನಗೆ ಬೇಕಾದ ಹಾಗೆ ತಿರುಚದೆ, ಆದಷ್ಟು.

ಗೋವಾದ ಬಾಯ್ನಾದಲ್ಲಿದ್ದ ಗುಡಿಸಲುಗಳನ್ನು ಕೆಡವಿದ ಮೇಲೆ ನಾವು ಇಲ್ಲಿ ಕೊರ್ತಾಲಿಮ್‌ಗೆ ಬಂದವರು. ನೀನು ಆಮೇಲೆ ಬಂದೆ, ಗಂಡನನ್ನು ಮಣ್ಣು ಮಾಡಿ, ಕಂಕುಳಲ್ಲಿ ಗೌರಿಯನ್ನು ಇಟ್ಟುಕೊಂಡು. ಒಂದೇ ಸಾಲಿನ ತಗಡಿನ ಖೋಲಿಗಳು, ನಿನ್ನದಕ್ಕೂ ನನ್ನದಕ್ಕೂ ನಡುವೆ ಒಂದೇ ಗೋಡೆ. ಇಬ್ಬರೂ ಮುದ್ದೇಬಿಹಾಳದ ಕಡೆಯವರು ಎಂದು ಗೊತ್ತಾದ ದಿನವೇ ನೀನು ನನ್ನನ್ನು ತಂಗಿ ಎಂದು ಕರೆದೆ. ನಾನು ಗೋವಾದವರ ಮನೆಗಳಲ್ಲಿ ಪಾತ್ರೆ ತಿಕ್ಕುತ್ತ, ಅಡುಗೆ ಮಾಡುತ್ತ ಕೊಂಕಣಿ, ಹಿಂದಿ ಎರಡನ್ನೂ ಕಲಿತಿದ್ದೆ. ನೀನು ಗೌಂಡಿಯ ಕೈಕೆಳಗೆ ಬುಟ್ಟಿ ಹೊರುವವಳು; ಅಲ್ಲಿ ಕೆಲಸಕ್ಕಿದ್ದವರೆಲ್ಲ ನಮ್ಮವರೇ, ಹಾಗಾಗಿ ಕನ್ನಡ ಬಿಟ್ಟು ಬೇರೆ ಮಾತು ನಿನಗೆ ಹತ್ತಲೇ ಇಲ್ಲ. ದವಾಖಾನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ನಿನ್ನ ಪರವಾಗಿ ನಾನೇ ಮಾತಾಡುತ್ತಿದ್ದೆ. ಅದರಿಂದ ನನಗೆ ಒಂದು ಬಗೆಯ ದೊಡ್ಡಸ್ತಿಕೆಯೂ ಇತ್ತು. ಅದನ್ನೂ ಹೇಳಿಬಿಡಬೇಕು.

ನಮ್ಮಿಬ್ಬರ ಹುಡುಗಿಯರೂ ಏಳು ವರ್ಷದವರು. ನನ್ನ ಪವಿತ್ರಾಳಿಗೆ ಮಾತು ತಡವರಿಸುತ್ತಿತ್ತು. ತನ್ನ ಹೆಸರು ಹೇಳುವುದೇ ಅವಳಿಗೆ ದೊಡ್ಡ ಕಷ್ಟ; ತುಟಿ ಕೂಡಿಸಿಕೊಂಡು ನಿಲ್ಲುವಳು, ಕತ್ತಿನ ನರ ಉಬ್ಬುತ್ತಿತ್ತು, ಹೆಸರು ಹೊರಗೆ ಬರುತ್ತಿರಲಿಲ್ಲ. ಅವಳು ಹೋಗುತ್ತಿದ್ದ ದೊಡ್ಡ ಶಾಲೆಯಲ್ಲಿ ಎದ್ದು ನಿಲ್ಲಿಸಿ ಓದಿಸುತ್ತಿದ್ದರು. ಒಂದು ಪದ ಬಾಯಿಂದ ಬೀಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಉಳಿದ ಮಕ್ಕಳು ಬೆರಳು ಮಡಿಸಿ ಎಣಿಸುತ್ತಿದ್ದರಂತೆ. ಒಂದು ದಿನ ನಾಲಿಗೆಯನ್ನೇ ಕಚ್ಚಿಕೊಂಡು, ಅಂಗಿಯ ಮುಂಭಾಗವೆಲ್ಲ ರಕ್ತ ಮಾಡಿಕೊಂಡು ಬಂದಳು. ಆಮೇಲೆ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು.

ಗೌರಿಯದು ಬೇರೆ ತರಹ. ಅವಳಿಗೆ ಮಾತೇ ಇರಲಿಲ್ಲ — ತನ್ನವೇ ಆದ ನಾಲ್ಕು ಪದಗಳಿದ್ದವು, ನೀರಿಗೆ ಒಂದು, ರೊಟ್ಟಿಗೆ ಒಂದು, ನಿನಗೆ ಒಂದು, ಬೇಡ ಎನ್ನುವುದಕ್ಕೆ ಒಂದು. ಅವು ನಿನಗೆ ಮಾತ್ರ ತಿಳಿಯುತ್ತಿದ್ದವು, ಆಮೇಲೆ ಪವಿತ್ರಾಳಿಗೂ ತಿಳಿಯತೊಡಗಿದವು. ಲಾರಿಯ ಸದ್ದಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳು. ಅವಳನ್ನು ಯಾವ ಶಾಲೆಯೂ ಒಂದು ದಿನಕ್ಕೂ ಸೇರಿಸಿಕೊಂಡಿರಲಿಲ್ಲ.

ಪವಿತ್ರಾಳಿಗಾಗಿ ನಾನು ಸುತ್ತಿದ ಶಾಲೆಗಳನ್ನು ನೀನು ಬಲ್ಲೆ. ಒಂದರಲ್ಲಿ ಹೆಡ್‌ಮೇಡಂ ಮಗುವನ್ನು ನೋಡುವ ಮೊದಲು ನನ್ನ ಚಪ್ಪಲಿ ನೋಡಿದರು. ಇನ್ನೊಂದರಲ್ಲಿ ಫಾರ್ಮ್ ಕೊಟ್ಟು, ಮಗಳ ಹೆಸರು ಕೇಳಿ, ಅವಳು ತುಟಿ ಕೂಡಿಸಿಕೊಂಡು ನಿಂತದ್ದನ್ನು ನೋಡಿ ಫಾರ್ಮನ್ನು ಮೆಲ್ಲಗೆ ಮೇಜಿನ ಆಚೆಗೆ ಎಳೆದುಕೊಂಡರು. ಮೂರನೆಯದರಲ್ಲಿ ನಾನಿನ್ನೂ ಗೇಟು ದಾಟಿರಲಿಲ್ಲ, ಒಳಗಿನವರೊಬ್ಬರು ಇನ್ನೊಬ್ಬರಿಗೆ ‘ಘಾಂಟಿ’ ಎಂದರು. ಘಟ್ಟದ ಮೇಲಿನಿಂದ ಬಂದವರಿಗೆ ಇಲ್ಲಿ ಅದೇ ಹೆಸರು. ನನಗೆ ಕೊಂಕಣಿ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಅನ್ನುತ್ತಿದ್ದರು. ಈ ಪದವನ್ನು ನೆನಪಿಟ್ಟುಕೊಂಡೆ, ಯಲ್ಲಕ್ಕಾ. ಮುಂದೆ ನಿನ್ನ ಮೇಲೆ ಬಳಸಿದ್ದು ಅದನ್ನೇ, ಬಾಯಿ ಬಿಟ್ಟು ಅನ್ನಲಿಲ್ಲ ಅಷ್ಟೇ.

ಆ ಚಿಕ್ಕ ಶಾಲೆಯನ್ನು ಹುಡುಕಿದವಳು ನೀನು. ನಾನಲ್ಲ. ಎಲ್ಲರಿಗೂ ನಾನೇ ಹುಡುಕಿದ್ದು ಎಂದು ಹೇಳುತ್ತ ಬಂದಿದ್ದೇನೆ — ನಮ್ಮ ಮನೆಯವರಿಗೆ, ಪವಿತ್ರಾಳಿಗೆ ಕೂಡ. ಅದು ಏಪ್ರಿಲ್. ಮಳೆಗೆ ಮುಂಚೆ ಹಳೆಯ ಮನೆಗಳ ಹೆಂಚು ಇಳಿಸಿ, ತೊಳೆದು, ಮತ್ತೆ ಹೊದಿಸುವ ಕೆಲಸಕ್ಕೆ ನಿನ್ನನ್ನು ಕರೆದುಕೊಂಡು ಹೋಗಿದ್ದರು. ಸಂಜೆ ಬಂದವಳು ಕೈಕಾಲು ಕೂಡ ತೊಳೆಯದೆ ನನ್ನ ಬಾಗಿಲಿಗೆ ಬಂದೆ.

“ಮಾದೇವಿ, ಒಂದ್ ಮನಿ ನೋಡಿದೆ. ಪಡಸಾಲ್ಯಾಗ ಹುಡುಗೂರು ಚಾಪಿ ಮ್ಯಾಲೆ ಕುಂತಿದ್ವು. ಒಂದಕ್ಕ ನಡೀಲಿಕ್ಕೆ ಬರಂಗಿಲ್ಲ, ಒಂದು ಸುಮ್ಮ ಕೈ ಬೀಸತೈತಿ, ನಮ್ಮ ಗೌರಿಹಂಗ. ಆ ಬಾಯಾರು ಒಬ್ರಿಗೂ ಜೋರು ಮಾಡಲಿಲ್ಲ ನೋಡು, ಮುಂಜಾನಿಂದ ಸಂಜಿತನ. ನಾ ಮ್ಯಾಲ ನಿಂತು ನೋಡಕೊಂತನ ಇದ್ನಿ. ನಿನ್ನ ಪವೀನೂ ಕರಕೊಂಡು ಹೋಗೂಣು. ನೀ ಬಂದು ಮಾತಾಡು.”

ನಿನಗೆ ನನ್ನ ಕೊಂಕಣಿ ಬೇಕಿತ್ತು, ನಿಜ. ಆದರೆ ಅದಕ್ಕಷ್ಟೇ ಹೇಳಿದೆಯಾ? ನೀನು ಮೊದಲು ಪವಿತ್ರಾಳ ಹೆಸರು ಹೇಳಿದೆ. ಅದು ನನಗೆ ಈಗಲೂ ಕಿವಿಯಲ್ಲಿದೆ.

ಮರುದಿನವೇ ಹೋದೆವು. ಕೆಂಪು ನೆಲದ ಪಡಸಾಲೆ, ಹದಿನೈದು ಚಾಪೆಗಳು. ಫಿಲೋಮೆನಾ ಟೀಚರ್ ದೊಡ್ಡ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾದವರು. ಇಂಥ ಮಕ್ಕಳಿಗಾಗಿ ತಮ್ಮ ಮನೆಯನ್ನೇ ಶಾಲೆ ಮಾಡಿಕೊಂಡಿದ್ದರು. ಅಲ್ಲಿ ಗಂಟೆ ಇರಲಿಲ್ಲ. ಗಂಟೆಯ ಸದ್ದಿಗೆ ಹೆದರುವ ಮಗುವೊಂದು ಇತ್ತಂತೆ, ಹಾಗಾಗಿ ಊಟದ ಹೊತ್ತಿಗೆ ಟೀಚರ್ ಬಾಗಿಲಿಗೆ ಒಂದು ಹಳದಿ ಟವೆಲು ನೇತುಹಾಕುತ್ತಿದ್ದರು. ಪವಿತ್ರಾಳ ಹೆಸರು ಕೇಳಿದವರು ಅವಳ ಮುಖ ನೋಡಲೇ ಇಲ್ಲ. ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕಲ್ಲು ಆರಿಸುತ್ತ ಕೂತರು, ಉತ್ತರಕ್ಕೆ ಅವಸರವೇ ಇಲ್ಲ ಎನ್ನುವಂತೆ. ಅರ್ಧ ಮೊರ ಆರಿಸಿ ಮುಗಿಯುವಷ್ಟರಲ್ಲಿ ನನ್ನ ಮಗಳು ತನ್ನ ಹೆಸರನ್ನು ಪೂರ್ತಿ ಹೇಳಿದ್ದಳು. ನಾನು ಅಲ್ಲಿಯೇ ಸೆರಗು ಬಾಯಿಗೆ ಹಿಡಿದು ಅತ್ತೆ. ನೀನು ನನ್ನ ಬೆನ್ನು ಸವರಿದೆ.

ಅಲ್ಲಿಯವರೆಗೆ ನನ್ನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಹೇಳಬಹುದಿತ್ತು. ಆದರೆ ಟೀಚರ್ ಆಗಲೇ ಹೇಳಿದರು — ಒಂದು ಮಗು ದೊಡ್ಡ ಶಾಲೆಗೆ ಹೋಗುತ್ತಿದೆ, ಜೂನಿಗೆ ಒಂದೇ ಜಾಗ ಖಾಲಿ ಇದೆ. ಹದಿನೈದಕ್ಕಿಂತ ಹೆಚ್ಚು ಮಕ್ಕಳನ್ನು ತಮ್ಮಿಂದ ನೋಡಿಕೊಳ್ಳಲು ಆಗುವುದಿಲ್ಲ. ರಜೆಗೆ ಮುಂಚೆ ಇಬ್ಬರೂ ಒಂದು ವಾರ ಬರಲಿ, ತಾಯಂದಿರೂ ಜೊತೆಗಿರಲಿ, ನೋಡೋಣ. ನಾನು ನಿನಗೆ ಅದನ್ನು ಕನ್ನಡದಲ್ಲಿ ಹೇಳಿದೆ. “ಇಬ್ಬರಾಗ ಯಾರಿಗೆ ಸಿಕ್ಕರೂ ಚಲೋನ ಆತಲ್ಲ” ಎಂದೆ ನೀನು. ಮನಸ್ಸಿಟ್ಟೇ ಹೇಳಿದೆ. ನಾನೂ ಹೌದೆಂದು ತಲೆ ಆಡಿಸಿದೆ.

ಎರಡು ದಿನ ನೀನು ಬಂದು ಕೂತೆ. ಮೂರನೆಯ ದಿನ ಬರದಿದ್ದರೆ ನಿನ್ನ ಬದಲು ಬೇರೆಯವರನ್ನು ಕರೆದುಕೊಳ್ಳುತ್ತೇನೆ ಎಂದು ಮುಕಾದಮ ಹೇಳಿದ. ನೀನು ಗೌರಿಯ ಕೈಯನ್ನು ನನ್ನ ಕೈಯಲ್ಲಿ ಇಟ್ಟು, “ನೀ ಅದಿ ಅಂದ್ರ ನಾ ಇದ್ದಂಗ” ಎಂದು ಹೇಳಿ ಕೆಲಸಕ್ಕೆ ಹೋದೆ.

ಗುರುವಾರ ಮಧ್ಯಾಹ್ನ ಟೀಚರ್ ನನ್ನನ್ನು ಒಳಗೆ ಕರೆದರು. ಚಹಾ ಕೊಟ್ಟರು. ಮೊದಲು ಪವಿತ್ರಾಳನ್ನು ಹೊಗಳಿದರು, ಅದರಿಂದಲೇ ನನಗೆ ತಿಳಿಯಿತು. ಜೂನಿನ ಜಾಗವನ್ನು ಗೌರಿಗೆ ಕೊಡುತ್ತೇನೆ ಎಂದರು. ಪವಿತ್ರಾ ಒಂದು ವರ್ಷ ಕಾಯಬಲ್ಲಳು, ಗೌರಿಗೆ ಇನ್ನು ಕಾಯಲು ಆಗುವುದಿಲ್ಲ. ಈ ವಯಸ್ಸಿನಲ್ಲಿ ಶುರು ಮಾಡದಿದ್ದರೆ ಆಮೇಲೆ ಕಷ್ಟ. ಮುಂದಿನ ವರ್ಷದ ಮೊದಲ ಜಾಗ ಪವಿತ್ರಾಳದೇ. ಅಲ್ಲಿಯತನಕ ವಾರಕ್ಕೆರಡು ಸಂಜೆ ಕರೆದುಕೊಂಡು ಬಾ, ನಾನು ಅವಳ ಜೊತೆ ಕೂರುತ್ತೇನೆ ಎಂದರು. ‘ಭಿಯೆನಾಕಾ,’ ಹೆದರಬೇಡ, ಎಂದು ನನ್ನ ಕೈ ಮುಟ್ಟಿದರು.

ನೋಡು, ನನಗೆ ಬಾಗಿಲು ಮುಚ್ಚಿರಲಿಲ್ಲ. ಕಾಯಬೇಕಿದ್ದದ್ದು ಒಂದು ವರ್ಷ, ಅದರಲ್ಲೂ ವಾರಕ್ಕೆರಡು ಸಂಜೆ ಆ ಟೀಚರೇ ಸಿಗುತ್ತಿದ್ದರು. ಇದಕ್ಕಿಂತ ಹೆಚ್ಚಿಗೆ ಯಾರು ಕೊಡುತ್ತಾರೆ. ಆದರೆ ನಾನು ಇಬ್ಬರನ್ನೂ ತೂಗಿ ನೋಡಿದೆ. ನನ್ನ ಮಗಳು ತಡವರಿಸಿಯಾದರೂ ಮಾತಾಡುತ್ತಾಳೆ, ಲೆಕ್ಕ ಮಾಡುತ್ತಾಳೆ, ಹಾಡು ಕೂಡ ಬರುತ್ತದೆ. ಜೊಲ್ಲು ಒರೆಸಿಕೊಳ್ಳಲು ಬಾರದ ಹುಡುಗಿಗೆ ಜಾಗ, ನನ್ನ ಮಗಳಿಗೆ ಇಲ್ಲ. ಹೌದು, ಇದೇ ಮಾತುಗಳಲ್ಲಿ ಅಂದುಕೊಂಡೆ. ನಿನ್ನ ಮಗಳ ಜೊಲ್ಲನ್ನು ಎಷ್ಟೋ ಸಲ ನನ್ನ ಸೆರಗಿನಿಂದಲೇ ಒರೆಸಿದ್ದೆ, ಆ ದಿನ ಅದು ನನಗೆ ಹೇಸಿಗೆ ಎನಿಸಿತು.

ಸಂಜೆ ನೀನು ಕೇಳಿದೆ, ಟೀಚರ್ ಏನಂದರು ಎಂದು. “ಇನ್ನೂ ಏನೂ ಹೇಳಿಲ್ಲ” ಎಂದೆ. ಅದು ಮೊದಲ ಸುಳ್ಳು.

ಶುಕ್ರವಾರ ಬಿಸಿಲು ಹೆಚ್ಚಿತ್ತು. ಮಕ್ಕಳಿಗೆ ಅಂಗಳದಲ್ಲಿ ಮಣ್ಣು, ನೀರು ಕೊಟ್ಟು ಆಡಲು ಬಿಟ್ಟಿದ್ದರು. ಗೌರಿ ಮೈಯೆಲ್ಲ ಕೆಸರು ಮಾಡಿಕೊಂಡು ನಗುತ್ತಿದ್ದಳು, ಅವಳು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಟೀಚರ್ ಅವಳನ್ನು ಬಚ್ಚಲಿಗೆ ಕರೆದೊಯ್ದು ಫ್ರಾಕು ತೆಗೆದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದ ದನಿಯೇ ಬೇರೆಯಾಗಿತ್ತು.

ಹೊಕ್ಕುಳ ಸುತ್ತ ನಾಲ್ಕು ಗುರುತು. ನಮ್ಮ ಕಡೆ ಇದನ್ನು ಯಾರಿಗೂ ವಿವರಿಸಬೇಕಿಲ್ಲ. ಹಸುಗೂಸಿನ ಹೊಟ್ಟೆ ಉಬ್ಬಿ, ಹಾಲು ಬಿಟ್ಟು, ಅಳುವುದನ್ನೂ ಬಿಟ್ಟರೆ ಹಿರಿಯರು ಕಾದ ಸೂಜಿಯಿಂದ ಹೊಟ್ಟೆಗೆ ಬರೆ ಹಾಕಿಸುತ್ತಾರೆ. ಕೆಟ್ಟ ಪದ್ಧತಿ, ಅದರಿಂದ ಉಳಿದ ಕೂಸುಗಳಿಗಿಂತ ನರಳಿದ ಕೂಸುಗಳೇ ಹೆಚ್ಚಿರಬೇಕು. ಆದರೆ ಸಿಟ್ಟಿನಿಂದ ಹಾಕುವುದಲ್ಲ, ಕೂಸು ಉಳಿಯಲಿ ಎಂದು ಹಾಕುವುದು. ಗೌರಿಗೆ ಹನ್ನೊಂದನೆಯ ದಿನ ನಿನ್ನ ಅತ್ತೆ ಗಂಗವ್ವ ಹಾಕಿಸಿದ್ದಳು. ನೀನೇ ನನಗೆ ಹೇಳಿದ್ದೆ. ಆಗ ನಾನು ನನ್ನ ಹೊಟ್ಟೆ ತೋರಿಸಿದ್ದೆ — ನನಗೆ ಐದಿವೆ. ನಾವಿಬ್ಬರೂ ನಕ್ಕಿದ್ದೆವು.

ಟೀಚರ್ ಬೆರಳನ್ನು ಗುರುತಿನ ಹತ್ತಿರ ಹಿಡಿದು, ಮುಟ್ಟದೆ, ಇದೇನು ಎಂದು ಕೇಳಿದರು.

ನಿಜ ಹೇಳಲು ಎರಡು ಮಾತು ಸಾಕಿತ್ತು. ನಾನು ತಲೆ ತಗ್ಗಿಸಿದೆ. ಹೇಳಲೋ ಬೇಡವೋ ಎನ್ನುವ ಹಾಗೆ ಸ್ವಲ್ಪ ತಡೆದೆ, ಅದೂ ನಾಟಕವೇ. ಆಮೇಲೆ ಕೊಂಕಣಿಯಲ್ಲಿ ಹೇಳಿದೆ: ಮಾತಾಡುವುದಿಲ್ಲ ಎಂದು ಇವಳ ತಾಯಿ ಸುಡುತ್ತಾಳೆ.

ಈಗಲೂ? ಎಂದರು ಟೀಚರ್.

ಸಿಟ್ಟು ಬಂದಾಗ, ಎಂದೆ.

ಅವರು ನಂಬಿದರು. ನಂಬುತ್ತಾರೆ ಎಂದು ನನಗೆ ಗೊತ್ತಿತ್ತು. ಟೀಚರ್ ನಮ್ಮನ್ನು ಎಂದೂ ಘಾಂಟಿ ಎಂದವರಲ್ಲ. ಆದರೆ ತಮ್ಮ ಸುತ್ತ ಅದನ್ನೇ ಕೇಳುತ್ತ ಬೆಳೆದವರು. ತಗಡಿನ ಖೋಲಿಗಳಲ್ಲಿ ಇರುವವರು ಮಕ್ಕಳನ್ನು ಬಡಿಯುತ್ತಾರೆ, ಸುಡುತ್ತಾರೆ, ಮಾರುತ್ತಾರೆ ಎನ್ನುವ ಮಾತು ಇಲ್ಲಿಯ ಒಳ್ಳೆಯವರ ಕಿವಿಗೂ ಬಿದ್ದಿರುತ್ತದೆ. ಮೂರನೆಯ ಶಾಲೆಯ ಗೇಟಿನಲ್ಲಿ ನಾನು ಉಂಡ ಅವಮಾನವಿತ್ತಲ್ಲ, ಅದನ್ನೇ ನಿನ್ನ ಮೇಲೆ ಹೊರಿಸಿದೆ. ಅದೂ ಒಳಗಿನವಳಾಗಿ ಹೇಳಿದೆ — ನಿನ್ನ ಊರಿನ ಕಡೆಯವಳು, ನಿನ್ನ ಪಕ್ಕದ ಖೋಲಿಯವಳು. ನನ್ನ ಮಾತಿಗೆ ಸಾಕ್ಷಿಯೇ ಬೇಕಿರಲಿಲ್ಲ.

ಗೌರಿ ಒದ್ದೆ ಮೈಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನೀರಿಗೆ ಹೇಳುವ ತನ್ನ ಪದವನ್ನು ಎರಡು ಸಲ ಹೇಳಿದಳು. ನನಗೆ ತಿಳಿಯಲಿಲ್ಲ ಎನ್ನುವಂತೆ ಬೇರೆ ಕಡೆ ತಿರುಗಿದೆ.

ಅಂದು ಮನೆಗೆ ಬಂದು ಚೆನ್ನಾಗಿ ಊಟ ಮಾಡಿದೆ. ಎರಡು ರೊಟ್ಟಿ ಹೆಚ್ಚಿಗೇ ತಿಂದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಬಿಟ್ಟರೆ ನೀನು ನಾನು ಆ ದಿನದಿಂದಲೇ ಬೆಂದು ಹೋದೆ ಎಂದುಕೊಳ್ಳುತ್ತೀ. ಹಾಗೇನೂ ಆಗಲಿಲ್ಲ. ಗೌರಿಯನ್ನು ಸುಮ್ಮನೆ ಬೇಡ ಎನ್ನುತ್ತಾರೆ, ನೀನು ಎರಡು ದಿನ ಅಳುತ್ತೀ, ಮುಗಿಯಿತು — ಅಷ್ಟೇ ಎಂದುಕೊಂಡಿದ್ದೆ. ಟೀಚರ್ ಕೆಟ್ಟವರಾಗಿದ್ದರೆ ಅಷ್ಟೇ ಆಗುತ್ತಿತ್ತು. ಒಳ್ಳೆಯವರಾದ್ದರಿಂದ ಅವರಿಗೆ ಸುಮ್ಮನಿರಲು ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಸರ್ಕಾರದ ಕಡೆಯಿಂದ ಮಕ್ಕಳ ವಿಷಯ ನೋಡಿಕೊಳ್ಳುವ, ಕೈಯಲ್ಲಿ ಚೀಲ ಹಿಡಿದ ಇಬ್ಬರು ಹೆಂಗಸರು, ಒಬ್ಬ ಪೊಲೀಸ್ ನಮ್ಮ ಸಾಲಿಗೆ ಬಂದರು. ನಿನ್ನನ್ನು ಕೆಲಸದಿಂದ ಕರೆಸಿದರು. ಮೊಣಕೈತನಕ ಸಿಮೆಂಟು ಮೆತ್ತಿಕೊಂಡೇ ಓಡಿ ಬಂದೆ. ಅವರು ಕೊಂಕಣಿಯಲ್ಲಿ ಕೇಳಿದರು, ಹಿಂದಿಯಲ್ಲಿ ಕೇಳಿದರು, ಆಮೇಲೆ ಕನ್ನಡ, ಹಿಂದಿ ಎರಡೂ ಬಲ್ಲವರು ಯಾರು ಎಂದು ಕೇಳಿದರು. ಎಲ್ಲರೂ ನನ್ನನ್ನು ತೋರಿಸಿದರು.

ನಿನಗೆ ನೆನಪಿರುತ್ತದೆ. ನೀನು ಅವರ ಕಡೆ ನೋಡಿ ಮಾತಾಡಲಿಲ್ಲ, ನನ್ನ ಕಡೆಯೇ ನೋಡಿ ಹೇಳಿದೆ.

“ಹೊಟ್ಟಿ ಉಬ್ಬಿತ್ತು, ಕೂಸು ಉಳೀಲಿ ಅಂತ ನಮ್ಮತ್ತಿ ಹಾಕಸ್ಯಾಳ, ಹನ್ನೊಂದು ದಿನದ ಕೂಸಿದ್ದಾಗ. ನಾ ಬಾಣಂತಿ, ನಂಗ ಎದ್ದು ಕುಂದ್ರಾಕೂ ಆಗತಿದ್ದಿಲ್ಲ. ನಮ್ಮ ಕಡಿ ಎಲ್ಲಾರಿಗೂ ಇರತಾವ ಅಂತ ಹೇಳು ಅವ್ರಿಗೆ. ನಿನ್ನ ಹೊಟ್ಟಿ ಮ್ಯಾಲೂ ಅದಾವಲ್ಲ, ತಂಗಿ. ತೋರಸು ಒಂದೀಟು.”

ಒಂದು ಸೆರಗು ಸರಿಸಬೇಕಿತ್ತು. ಬಂದವರಲ್ಲಿ ಇಬ್ಬರು ಹೆಂಗಸರೇ, ಅವರನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದ್ದರೆ ಯಾರ ಮಾನವೂ ಹೋಗುತ್ತಿರಲಿಲ್ಲ. ನನ್ನ ಸುಳ್ಳು ಮಾತ್ರ ಹೊರಬೀಳುತ್ತಿತ್ತು, ಪವಿತ್ರಾಳ ಜಾಗ ಹೋಗುತ್ತಿತ್ತು. ನಾನು ಸೆರಗನ್ನು ಸೊಂಟಕ್ಕೆ ಇನ್ನೊಂದು ಸುತ್ತು ಬಿಗಿದುಕೊಂಡೆ. ಅವರ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದೆ: ಸುಟ್ಟದ್ದು ಹೌದು ಎನ್ನುತ್ತಾಳೆ. ಮನೆಯಲ್ಲೇ ಸುಟ್ಟದ್ದು ಎನ್ನುತ್ತಾಳೆ.

ಅವರಲ್ಲಿ ಒಬ್ಬರು ಬರೆದುಕೊಂಡರು. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ, ಎಲ್ಲವನ್ನೂ ಹೇಳಿದಳಲ್ಲ ಎನ್ನುವ ನಂಬಿಕೆಯಿಂದ. “ಏನಂದ್ರು” ಎಂದು ಕೇಳಿದೆ. “ತಪಾಸಣಿ ಮಾಡಿ ಕಳಸ್ತಾರಂತ” ಎಂದೆ.

ಕರೆದೊಯ್ಯಲು ಅವರು ತಂದಿದ್ದ ಜೀಪನ್ನು ಗೌರಿ ಹತ್ತಲಿಲ್ಲ. ಇಂಜಿನ್ನಿನ ಸದ್ದಿಗೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತಳು, ಬೇಡ ಎನ್ನುವ ತನ್ನ ಪದವನ್ನೇ ಕೂಗಿದಳು. ನಿನ್ನನ್ನು ಹತ್ತಿರ ಬಿಡಲಿಲ್ಲ. ನಿನ್ನನ್ನು ಬಿಟ್ಟರೆ ಅವಳು ಕೈ ಚಾಚುತ್ತಿದ್ದದ್ದು ನನಗೆ ಒಬ್ಬಳಿಗೇ. ನಾನೇ ಎತ್ತಿಕೊಂಡೆ, ನಾನೇ ಜೀಪಿನಲ್ಲಿ ಕೂರಿಸಿದೆ, ನನ್ನ ಕೊರಳನ್ನು ಹಿಡಿದಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.

ಜೂನಿನಲ್ಲಿ ಶಾಲೆ ಶುರುವಾಗುವ ಮುನ್ನಾದಿನ ನೀನು ಒಂದು ಚೀಲ ತಂದೆ. ಗೌರಿಗೆಂದು ಹೊಲಿಸಿಟ್ಟ ಫ್ರಾಕು, ಹಸಿರು ಬಣ್ಣದ್ದು, ಜೇಬು ಇರುವಂಥದ್ದು. “ಆಕಿ ಬರೂದ್ರಾಗ ಇದು ಸಣ್ಣದಾಗಿರತೈತಿ. ಪವಿ ಹಾಕ್ಕೊಳ್ಳಲಿ” ಎಂದೆ. ನಾನು ತೆಗೆದುಕೊಂಡೆ. ಮೊದಲ ದಿನ ನನ್ನ ಮಗಳು ಅದನ್ನೇ ಹಾಕಿಕೊಂಡು ಹೋದಳು. ಟೀಚರ್ ಚೆನ್ನಾಗಿದೆ ಎಂದರು. ಅವರ ಕಣ್ಣು ಊದಿಕೊಂಡಿತ್ತು. ಆ ಇನ್ನೊಂದು ಮಗುವಿನ ಯೋಚನೆ ಬಿಡುತ್ತಿಲ್ಲ ಎಂದರು. ನಾನು ಅವರಿಗೆ ಸಮಾಧಾನ ಹೇಳಿದೆ. ಹೌದು, ಅದನ್ನೂ ಮಾಡಿದೆ.

ಗೌರಿ ನಿನ್ನ ಕೈಗೆ ಮರಳಿ ಬಂದದ್ದು ಸಂಕ್ರಾಂತಿ ದಾಟಿದ ಮೇಲೆ. ಅಷ್ಟು ತಿಂಗಳು ನೀನು ಎಷ್ಟು ಕಚೇರಿಗಳ ಬಾಗಿಲಲ್ಲಿ ಕೂತೆಯೋ, ಹೆಚ್ಚಿನ ಸಲ ನಾನೇ ನಿನ್ನ ಜೊತೆ ಬಂದಿದ್ದೆ. ಜೊತೆಗಿದ್ದು ಏನು ಮಾಡಿದೆ? ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟೆ, ನೀನು ಹೇಳಿದ್ದರಲ್ಲಿ ಅರ್ಧ ನುಂಗಿದೆ. ಕೊನೆಗೆ ಊರಿನ ಹಿರಿಯರೊಬ್ಬರು ಬಂದು ಬರೆ ನಮ್ಮ ಕಡೆಯ ಪದ್ಧತಿ ಎಂದು ಬರೆದುಕೊಟ್ಟ ಮೇಲೆ, ನಿನ್ನ ತವರಿನಲ್ಲಿ ಇಟ್ಟುಕೊಳ್ಳಬೇಕು ಎಂದು ಹೇಳಿ ಕಳಿಸಿದರು. ಅಷ್ಟು ತಿಂಗಳು ಇಟ್ಟಿದ್ದ ಮಕ್ಕಳ ಆಶ್ರಮದಲ್ಲಿ ಅವಳನ್ನು ಯಾರೂ ಹೊಡೆಯಲಿಲ್ಲ, ಹಸಿವಿಗೆ ಬಿಡಲಿಲ್ಲ. ಆದರೆ ಅವಳ ನಾಲ್ಕು ಪದಗಳು ಯಾರಿಗೆ ತಿಳಿಯಬೇಕು ಅಲ್ಲಿ? ಯಾರೂ ತಿರುಗಿ ನೋಡದ ಮಾತನ್ನು ಮಗು ಎಷ್ಟು ದಿನ ಆಡೀತು. ಬಂದಾಗ ಅವು ಒಂದೂ ಉಳಿದಿರಲಿಲ್ಲ. ನಿನ್ನನ್ನು ಕರೆಯುವ ಪದವೂ ಹೋಗಿತ್ತು.

ಊರಿಗೆ ಹೊರಟ ದಿನ ನೀನು ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದು ಹೇಳಿದೆ, “ನೀ ಇರದಿದ್ರ ನನ್ನ ಪರ ಯಾರ ಮಾತಾಡತಿದ್ರು ಇಲ್ಲಿ.” ನಾನು ಬಸ್ಸು ಹೋದ ಮೇಲೆ ಮೀನು ತೆಗೆದುಕೊಂಡು ಮನೆಗೆ ಹೋದೆ.

ಹನ್ನೆರಡು ವರ್ಷವಾಯಿತು. ಇಲ್ಲಿಯ ನದಿಗೆ ಆಗ ಇದ್ದದ್ದು ಹಳೆಯ ಸೇತುವೆ ಒಂದೇ, ಈಗ ಹೊಸದೂ ಆಗಿದೆ. ಪವಿತ್ರಾ ಮಾತಾಡುತ್ತಾಳೆ. ಈಗಲೂ ಕೆಲವು ಅಕ್ಷರಗಳಲ್ಲಿ ನಿಲ್ಲುತ್ತಾಳೆ, ಆದರೆ ನಾಚುವುದಿಲ್ಲ, ನಿಂತು ನಕ್ಕು ಮುಂದೆ ಹೋಗುತ್ತಾಳೆ. ಕಾಲೇಜಿನಲ್ಲಿ ವೇದಿಕೆ ಹತ್ತಿ ಮಾತಾಡಿದ್ದಾಳೆ. ಇಂಥ ಮಕ್ಕಳಿಗೆ ಕಲಿಸುವ ಟೀಚರಾಗಬೇಕೆಂದು ಓದುತ್ತಿದ್ದಾಳೆ, ಶನಿವಾರಗಳಂದು ಅದೇ ಶಾಲೆಗೆ ಹೋಗಿ ಫಿಲೋಮೆನಾ ಟೀಚರಿಗೆ ನೆರವಾಗುತ್ತಿದ್ದಳು. ಆ ಶಾಲೆ ಅವಳನ್ನು ಮನುಷ್ಯಳನ್ನಾಗಿ ಮಾಡಿತು, ಅದರಲ್ಲಿ ಸುಳ್ಳಿಲ್ಲ. ಒಂದು ವರ್ಷ ತಡವಾಗಿ ಹೋಗಿದ್ದರೂ ಮಾಡುತ್ತಿತ್ತು. ಇಷ್ಟು ವರ್ಷ ನಾನು ನನಗೆ ಹೇಳಿಕೊಳ್ಳದೆ ಬಿಟ್ಟದ್ದು ಇದೊಂದನ್ನು. ತಾಯಿ ಕರುಳು, ಬಡತನ, ಭಯ ಎಂದು ಏನೇನೋ ಹೆಸರಿಟ್ಟುಕೊಂಡು ನೋಡಿದೆ. ಯಾವುದೂ ಸರಿಹೊಂದಲಿಲ್ಲ. ನಿನ್ನ ಮಗಳು ನನ್ನ ಮಗಳಿಗಿಂತ ಮುಂದೆ ಹೋಗುವುದು ನನಗೆ ಆಗಲಿಲ್ಲ, ಇದ್ದದ್ದು ಇಷ್ಟೇ.

ಹೀಗೇ ಬಾಯಿ ಮುಚ್ಚಿಕೊಂಡು ಸಾಯುವವಳೇ ಇದ್ದೆ. ನಾಗರಪಂಚಮಿಗೆ, ದೀಪಾವಳಿಗೆ ನೀನು ಫೋನು ಮಾಡುತ್ತೀ, ಪವಿತ್ರಾಳನ್ನು ಕೇಳುತ್ತೀ, ನಾನು ಗೌರಿಯನ್ನು ಕೇಳುತ್ತೇನೆ, ಹಾಗೇ ಅದಾಳ ಎನ್ನುತ್ತೀ. ಕಳೆದ ತಿಂಗಳು ಹಬ್ಬವಲ್ಲದ ದಿನ ಫೋನು ಬಂತು.

“ಮುದುಕಿ ಹೋತು, ಮಾದೇವಿ” ಎಂದೆ. ಗಂಗವ್ವ. “ಹನ್ನೊಂದು ವರ್ಷ ಆತು ಆಕಿ ಮಾರಿ ನೋಡಿ. ಆಕಿ ಹಾಕಿಸಿದ ಬರಿಯಿಂದನ ಅಲ್ಲೇನು ನನ್ನ ಕೂಸಿನ್ನ ಅವ್ರು ಒಯ್ದಿದ್ದು. ಸಾಯೂ ಮುಂದ ಗೌರೀನ ಒಂದ್ ಸಲ ತೋರಸ್ರಿ ಅಂತ ಹೇಳಿ ಕಳಿಸಿದ್ಳು. ನಾ ಕಳಸಲಿಲ್ಲ. ಮಣ್ಣಿಗೂ ಹೋಗಲಿಲ್ಲ. ಮಾಡಿದ್ದು ಬರೋಬ್ಬರಿ ಐತಿಲ್ಲೋ, ನೀನ ಹೇಳು.”

ನೀನು ನನ್ನ ಉತ್ತರಕ್ಕೆ ಕಾಯುತ್ತಿದ್ದೆ. ಲೈನಿನ ಆ ಕಡೆ ಗೌರಿ ಏನನ್ನೋ ನೆಲಕ್ಕೆ ಬಡಿಯುತ್ತಿದ್ದ ಸದ್ದು ಕೇಳಿಸುತ್ತಿತ್ತು. ಕೈಯಲ್ಲಿ ಚೀಲ ಹಿಡಿದ ಹೆಂಗಸು ಯಾರೇ ಬಂದರೂ ಅವಳು ಜೋಳದ ಗಡಿಗೆಯ ಹಿಂದೆ ಅಡಗುತ್ತಾಳೆ ಎಂದು ನೀನೇ ಒಮ್ಮೆ ಹೇಳಿದ್ದೆ. ಹತ್ತೊಂಬತ್ತು ವರ್ಷದ ಹುಡುಗಿ. ನಾನು, “ಆದದ್ದು ಆತು ಬಿಡಕ್ಕಾ” ಎಂದೆ. ಗೌರಿಯನ್ನು ಒಯ್ದದ್ದು ನಿನ್ನ ಬರೆಯಿಂದಲ್ಲ ಎಂದು ಆ ಮುದುಕಿಗೆ ತಲುಪಬೇಕಿದ್ದ ಮಾತು ನನ್ನ ಹತ್ತಿರ ಹನ್ನೆರಡು ವರ್ಷದಿಂದ ಬಿದ್ದಿತ್ತು, ಅವಳು ಬದುಕಿರುವ ತನಕ ಕೊಡಲಿಲ್ಲ. ಇನ್ನು ಅದಕ್ಕೆ ದಾರಿಯೇ ಇಲ್ಲ.

ಪವಿತ್ರಾಳಿಗೆ ಮೊದಲು ಹೇಳಿದೆ. ಹೇಳುವಾಗ ಅವಳು ಶಾಲೆಯ ಮಕ್ಕಳಿಗೆಂದು ಬಣ್ಣದ ಕಾಗದ ಕತ್ತರಿಸುತ್ತಿದ್ದಳು. ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದಳು. ಮುಗಿದ ಮೇಲೆ, ಗೌರಿಯ ಆ ಹಸಿರು ಫ್ರಾಕು ನನಗೆ ನೆನಪಿದೆ ಎಂದಳು. ಇದನ್ನೆಲ್ಲ ಬರೆದುಕೊಡುತ್ತೇನೆ, ನೀನು ಹೋಗಿ ಯಲ್ಲಕ್ಕನಿಗೆ ಓದಿ ಹೇಳುತ್ತೀಯಾ ಎಂದು ಕೇಳಿದೆ. ಇಷ್ಟೆಲ್ಲ ಆದ ಮೇಲೂ ಇನ್ನೊಬ್ಬರ ಬಾಯಿಂದ ಹೇಳಿಸಲು ನೋಡಿದೆ, ನೋಡು.

“ನಾ ಓದಂಗಿಲ್ಲ. ನೀನ ಹೋಗಿ ಹೇಳು” ಎಂದಳು.

ಅಂದಿನಿಂದ ಅವಳು ಶಾಲೆಗೆ ಹೋಗಿಲ್ಲ. ಆ ಮೆಟ್ಟಿಲು ಹತ್ತಲು ಕಾಲು ಬರುವುದಿಲ್ಲ ಎಂದು ತಂದೆಗೆ ಹೇಳಿದಳಂತೆ. ನನ್ನ ಜೊತೆ ಮಾತಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾಳೆ, ಕೇಳಿದ್ದಕ್ಕೆ ತಲೆ ಆಡಿಸುತ್ತಾಳೆ. ನನಗೆ ಇದು ಶಿಕ್ಷೆ ಎಂದು ನಿನ್ನ ಮುಂದೆ ಹೇಳಲಾರೆ. ನಿನ್ನ ಮಗಳ ಎದುರು ಇದು ಏನೂ ಅಲ್ಲ.

ನಾಡಿದ್ದು ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಟೀಚರಿಗೆ ವಾಪಸ್ಸು ಬಂದ ಮೇಲೆ ಹೇಳುವುದು, ಮೊದಲು ನಿನಗೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ, ಆ ಪದವನ್ನು ನಿನ್ನ ಹೊಸಿಲಲ್ಲಿ ಆಡುವುದಿಲ್ಲ. ನಿನ್ನನ್ನು ನಾನು ಬಲ್ಲೆ, ನನ್ನನ್ನು ನೋಡಿದ ಕೂಡಲೇ ತಂಗಿ ಬಂದಳು ಎನ್ನುತ್ತೀ, ಕಾಲಿಗೆ ನೀರು ಕೊಡುತ್ತೀ, ಕುಡಿಯಲು ತಂಬಿಗೆ ತುಂಬಿ ತರುತ್ತೀ, ಒಲೆ ಹೊತ್ತಿಸಲು ಹೋಗುತ್ತೀ. ಅದಕ್ಕೆಲ್ಲ ನಾನು ಬಿಡಬಾರದು. ನೀನು ಕೊಟ್ಟ ನೀರು ಮುಟ್ಟುವ ಮೊದಲು ಹೇಳುತ್ತೇನೆ.